ಎಡ ಮೂಲೆಯ ಹಲ್ಲು

ಸವೆಯುವುದಕ್ಕೆಂದೇ ತಯಾರಾದ ವಸ್ತುಗಳನ್ನು ಕೂರಿಸುವುದು, ಸವೆದ ಮೇಲೆ ಬಿಚ್ಚಿ ಬೇರೆಯದನ್ನು ಕೂರಿಸುವುದು. ನನ್ನ ಇಪ್ಪತ್ತು ವರ್ಷಗಳ ನೌಕರಿ ಎಂದರೆ ಇಷ್ಟೇ. ಕಲ್ಲುಗಣಿಯಲ್ಲಿ ಒಡೆದ ಕಲ್ಲನ್ನು ಬಾಚಿ ಡಂಪರ್ ಲಾರಿಗೆ ತುಂಬುವ ಲೋಡರನ್ನು ನೀವು ರಸ್ತೆಯಿಂದಲಾದರೂ ನೋಡಿರುತ್ತೀರಿ. ಅದರ ಬಕೆಟ್ಟಿನ ಅಂಚಿನಲ್ಲಿ ಸಾಲಾಗಿ ಹಲ್ಲುಗಳಿರುತ್ತವೆ. ಹಲ್ಲು ಬಕೆಟ್ಟಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಅಂಚಿನ ದಪ್ಪ ಪ್ಲೇಟಿಗೆ ಮೊದಲು ಅಡಾಪ್ಟರ್ ಎಂಬ ಉಕ್ಕಿನ ಮೂಗನ್ನು ವೆಲ್ಡ್ ಮಾಡಬೇಕು. ಹಲ್ಲು ಆ ಮೂಗಿನ ಮೇಲೆ ಟೋಪಿಯಂತೆ ಕೂರುತ್ತದೆ, ಅಡ್ಡಲಾಗಿ ಹೊಡೆದ ಪಿನ್ನು ಅದನ್ನು ಹಿಡಿದಿರುತ್ತದೆ. ಹಲ್ಲು ಸವೆದರೆ ಪಿನ್ನು ಬಡಿದು ತೆಗೆದು ಹೊಸ ಹಲ್ಲು ತೊಡಿಸುವುದು ಅರ್ಧ ಗಂಟೆಯ ಮಾತು. ಅಡಾಪ್ಟರ್ ಹೋದರೆ ಮಾತ್ರ ಇಡೀ ದಿನ ಯಂತ್ರ ನಿಲ್ಲಬೇಕು, ವೆಲ್ಡರ್ ಬರಬೇಕು, ಅವನ ಹಿಂದೆ ನಾನೂ ಬರಬೇಕು.

ನನ್ನ ಕೆಲಸ ನೋಡುವುದು. ಹಲ್ಲು ಎಷ್ಟು ಉಳಿದಿದೆ ಎಂದು ಅಳೆಯುವುದು, ಮೂಲೆಯ ಹಲ್ಲುಗಳು ಬೇಗ ಸವೆಯುವುದರಿಂದ ನಡುವಿನವನ್ನು ಮೂಲೆಗೂ ಮೂಲೆಯವನ್ನು ನಡುವಿಗೂ ಹಾಕಿಸುವುದು, ವೆಲ್ಡಿಂಗ್ ಆಗುವಾಗ ಪಕ್ಕದಲ್ಲಿ ನಿಂತು ಜಾಬ್ ಶೀಟಿನಲ್ಲಿ ಬರೆಯುವುದು. ಕಾಲೇಜಿನಲ್ಲಿ ಲೋಹಶಾಸ್ತ್ರ ಓದಿದವನು ನಾನು. ಓದಿದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ, ಅನುಮಾನಪಡುವ ಚಟ ಮಾತ್ರ ಉಳಿದಿದೆ. ದೇವರನ್ನು, ಡಾಕ್ಟರನ್ನು, ರೈಲಿನ ಇಂಡಿಕೇಟರನ್ನು, ಎಲ್ಲವನ್ನೂ ಅನುಮಾನಿಸಿದ್ದೇನೆ. ಈಚೆಗೆ ನನ್ನ ನೆನಪನ್ನೂ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ನಡೆದದ್ದು, ಯಾವುದು ನಡೆದಿದ್ದರೆ ಚೆನ್ನಾಗಿತ್ತು ಎಂದು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದಕ್ಕೆ ಪೂರ್ತಿ ಜವಾಬ್ದಾರಿ ಹೊರಲಾರೆ. ಒಂದು ವಿಷಯವನ್ನು ಬಿಟ್ಟು. ಅದಕ್ಕೆ ಸಾಕ್ಷಿಯಿದೆ. ಅದು ಕೊನೆಯಲ್ಲಿ ಬರುತ್ತದೆ.

ನಮ್ಮ ವೆಲ್ಡರ್ ವಿಜಯಪುರದ ಕಡೆಯವರು. ಎಲ್ಲರೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಠಾಣೆಯಾಚೆಯ ಕಲ್ಯಾಣ ಪೂರ್ವದಲ್ಲಿ ವಠಾರದಂಥ ಒಂದು ಚಾಳಿನಲ್ಲಿ ಹೆಂಡತಿಯೊಂದಿಗೆ ಇದ್ದರು. ಅವರಿಗೊಂದು ಅಭ್ಯಾಸವಿತ್ತು. ಯಾವ ಅಡಾಪ್ಟರ್ ವೆಲ್ಡ್ ಮಾಡಿದರೂ ಕೆಲಸ ಮುಗಿದ ಮೇಲೆ ಉಕ್ಕಿನ ಮೊಳೆಯಂಥ ಪಂಚ್ ಇಟ್ಟು ಬಡಿದು ಅದರ ಪಕ್ಕೆಗೆ ಮೂರು ಚುಕ್ಕೆ ಹೊಡೆಯುವುದು. ಯಾಕೆ ಎಂದು ಮೊದಲ ಸಲ ಕೇಳಿದಾಗ ನಕ್ಕಿದ್ದರು.

"ಯಾರರ ಕೇಳಿದ್ರ ನಂದs ಕೆಲಸ ಅಂತ ಗೊತ್ತಾಗ್ಲಿ ಅಂತ್ರಿ. ಹತ್ತು ವರ್ಷ ಬಿಟ್ಟು ಕೇಳಿದ್ರೂ."

ಹತ್ತು ವರ್ಷ ಯಾವ ಅಡಾಪ್ಟರೂ ಬಾಳುವುದಿಲ್ಲ. ಅದನ್ನು ನಾನು ಅವರಿಗೆ ಹೇಳಲಿಲ್ಲ.

ದಪ್ಪ ಉಕ್ಕಿನ ವಿಷಯದಲ್ಲಿ ಒಂದು ಪಾಠ ಎಲ್ಲ ವೆಲ್ಡರುಗಳಿಗೂ ಗೊತ್ತಿರುತ್ತದೆ. ತಣ್ಣಗಿರುವ ಪ್ಲೇಟಿಗೆ ಬೆಸುಗೆ ಹಾಕಿದರೆ ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಎರಡು ಮೂರು ದಿನ ಬಿಟ್ಟು ಹುಟ್ಟುತ್ತದೆ, ಆಮೇಲೆ ತಿಂಗಳುಗಟ್ಟಲೆ ಸುಮ್ಮನೆ ಬೆಳೆಯುತ್ತದೆ. ಆದ್ದರಿಂದ ಮೊದಲು ಗ್ಯಾಸಿನ ಬೆಂಕಿಯಿಂದ ಪ್ಲೇಟನ್ನು ಕಾಯಿಸಬೇಕು, ನೂರೈವತ್ತು ಡಿಗ್ರಿ ದಾಟಬೇಕು. ದಾಟಿತೋ ಇಲ್ಲವೋ ನೋಡಲು ಒಂದು ಬಗೆಯ ಚಾಕ್ ಇದೆ. ಕಾದ ಉಕ್ಕಿನ ಮೇಲೆ ಎಳೆದಾಗ ಗೆರೆ ಕರಗಿದರೆ ಸಾಕಷ್ಟು ಕಾವು ಬಂದಿದೆ ಎಂದರ್ಥ. ಚಾಕ್ ತರುವುದು ನನ್ನ ಜವಾಬ್ದಾರಿ. ಅಂಕೆಯನ್ನು ಜಾಬ್ ಶೀಟಿನಲ್ಲಿ ಬರೆದು ಸಹಿ ಹಾಕುವುದೂ ನನ್ನದೇ.

ಈಗ ನನ್ನ ಒಂದು ಅಭ್ಯಾಸವನ್ನು ಹೇಳಬೇಕು. ಹಲ್ಲು, ಅಡಾಪ್ಟರುಗಳನ್ನು ಗುತ್ತಿಗೆಯ ಮೇಲೆ ಕೂರಿಸಿಕೊಡುವ ನಮ್ಮ ಕಂಪನಿಯ ಆಫೀಸು ಆಗ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿತ್ತು. ಕಲ್ಲುಗಣಿಗಳು, ಇಲ್ಲಿನವರ ಬಾಯಲ್ಲಿ ಖದಾನುಗಳು, ಶಿಳಫಾಟಾದ ಆಚೀಚೆಯ ಗುಡ್ಡಗಳಲ್ಲಿ. ಬೆಳಿಗ್ಗೆ ಠಾಣೆಯಿಂದ ಕಲ್ಯಾಣದ ಕಡೆಗೆ ಹೋಗುವ ಸ್ಲೋ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ, ಜನವೆಲ್ಲ ಎದುರು ದಿಕ್ಕಿಗೆ ಹೋಗುವ ಹೊತ್ತು ಅದು. ಆ ಸೀಟಿನಲ್ಲಿ ಕೂತು ಡೋಂಬಿವಲಿ ಬರುವುದರೊಳಗೆ ಜಾಬ್ ಶೀಟನ್ನು ಮುಕ್ಕಾಲು ತುಂಬಿಬಿಡುತ್ತಿದ್ದೆ. ಯಂತ್ರದ ನಂಬರು, ಅಡಾಪ್ಟರಿನ ನಂಬರು, ಯಾವ ವೆಲ್ಡಿಂಗ್ ರಾಡು, ಎಷ್ಟು ಕಾವು. ಕಾವು ಕೂಡ. ಎಲ್ಲ ಹಾಳೆಗಳಲ್ಲೂ ಒಂದೇ ಅಂಕೆ ಇದ್ದರೆ ಅನುಮಾನ ಬರುತ್ತದೆಂದು ಒಂದರಲ್ಲಿ ನೂರೈವತ್ತೈದು, ಇನ್ನೊಂದರಲ್ಲಿ ನೂರೆಪ್ಪತ್ತು. ಯಾವಾಗಲೂ ಹೀಗೆ ಮಾಡುತ್ತಿದ್ದೆ ಎಂದಲ್ಲ. ನಿಜವಾಗಿ ಚಾಕ್ ಎಳೆದು, ನೋಡಿ, ಆಮೇಲೆ ಬರೆದ ದಿನಗಳೂ ಇದ್ದವು. ಯಾವ ದಿನ ಯಾವುದು ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನ ಆಷಾಢದ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಲೋಡರಿನ ಎಡ ಮೂಲೆಯ ಅಡಾಪ್ಟರ್ ಕಿತ್ತುಹೋಗುವಂತಿತ್ತು. ಶೆಡ್ಡಿನ ಕೆಳಗೆ ಬಕೆಟ್ಟನ್ನು ಮರದ ತುಂಡುಗಳ ಮೇಲೆ ಇಳಿಸಿದ್ದರು. ಮಿಸ್ತ್ರಿ ಹಳೆಯದನ್ನು ಕತ್ತರಿಸಿ, ಜಾಗವನ್ನು ಗ್ರೈಂಡ್ ಮಾಡಿ, ಹೊಸ ಅಡಾಪ್ಟರನ್ನು ಹಿಡಿಸಿ ನೋಡಿ, ಬೆಂಕಿ ಹಚ್ಚಿದರು. ಇಷ್ಟರ ಬಗ್ಗೆ ಅನುಮಾನವಿಲ್ಲ. ಚೀಲದಲ್ಲಿ ಕೈ ಹಾಕಿದಾಗ ಚಾಕ್ ಇರಲಿಲ್ಲ, ಅದೂ ನಿಜ. ಆಫೀಸಿನ ಡ್ರಾಯರಿನಲ್ಲೇ ಉಳಿದಿತ್ತು.

"ಚಾಕ್ ಮರೆತು ಬಂದೆ, ಮಿಸ್ತ್ರಿ."

"ಇರ್ಲಿ ಬಿಡ್ರಿ ಸಾಹೇಬ್ರ. ನೀರು ಹೊಡದು ನೋಡೂಣು. ನಮ್ಮ ಗುರು ಹಂಗs ಮಾಡತಿದ್ದ, ಚಾಕೂ ಇರಲಿಲ್ಲ ಪೀಕೂ ಇರಲಿಲ್ಲ."

ಬೇರೆ ಎಂಜಿನಿಯರಾಗಿದ್ದರೆ ಕೆಲಸ ನಿಲ್ಲಿಸುತ್ತಿದ್ದ. ನಾನು ಒಪ್ಪಿದೆ, ಏಕೆಂದರೆ ನಾನು ಹೋಟೆಲಿನವನ ಮಗ. ನನ್ನ ಅಪ್ಪಯ್ಯ ಉಡುಪಿಯಿಂದ ಬಂದು ಡೋಂಬಿವಲಿ ಸ್ಟೇಷನ್ನಿನ ಹತ್ತಿರ ಮೂವತ್ತು ವರ್ಷ ವೆಜ್ ಹೋಟೆಲು ನಡೆಸಿದರು. ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ನಿಂತು, ಬೋಗುಣಿಯ ನೀರಿನಲ್ಲಿ ಬೆರಳದ್ದಿ ಚಿಮುಕಿಸುತ್ತಿದ್ದರು. ಕಾವು ಸಾಲದಿದ್ದರೆ ಹನಿ ಚುಂಯ್ ಎಂದು ಹರಡಿ ಅಲ್ಲೇ ಆರುತ್ತಿತ್ತು. ಸಾಕಷ್ಟು ಕಾದಿದ್ದರೆ ಗುಂಡಗಾಗಿ, ಸದ್ದಿಲ್ಲದೆ ಅತ್ತಿತ್ತ ಓಡಿ ಅಂಚಿನಿಂದ ಉದುರುತ್ತಿತ್ತು. ಕುಣಿಯಿತು ಎನ್ನುತ್ತಿದ್ದರು ಅಪ್ಪಯ್ಯ. ನೀರು ಹಾಗೆ ಕುಣಿಯಬೇಕಾದರೆ ಲೋಹ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿರಬೇಕು ಎಂದು ನಾನು ಕಾಲೇಜಿನಲ್ಲಿ ಓದಿಕೊಂಡೆ. ಹಾಗಾಗಿ ಮಿಸ್ತ್ರಿಯ ಪರೀಕ್ಷೆ ನನಗೆ ಹಾಸ್ಯಾಸ್ಪದವಾಗಿ ಕಾಣಲಿಲ್ಲ. ಹನಿ ಕುಣಿದರೆ ಉಕ್ಕು ಬೇಕಾದಷ್ಟು ಕಾದಿದೆ. ಚುಂಯ್ ಎಂದು ಆರಿದರೆ ಇಲ್ಲ. ಅಷ್ಟೇ ಪ್ರಶ್ನೆ.

ಮಿಸ್ತ್ರಿ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಚಿಮುಕಿಸಿದರು. ನಾನು ಬಗ್ಗಿ ನೋಡಿದೆ. ಹನಿಗಳು ಗುಂಡಗಾಗಿ ಓಡಿದವು. ಮಿಸ್ತ್ರಿ ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ.

ನನ್ನ ನೆನಪಿನಲ್ಲಿ ಹಾಗಿದೆ.

ಬೆಸುಗೆ ಸಂಜೆಯೊಳಗೆ ಮುಗಿಯಿತು. ಬೇಗ ಆರಬಾರದೆಂದು ಅದರ ಮೇಲೆ ಒಣ ಕಲ್ಲುಪುಡಿ ಸುರಿದು ಗೋಣಿ ಹೊದಿಸಿದರು. ಮರುದಿನ ಹಲ್ಲು ತೊಡಿಸಿ ಪಿನ್ನು ಹೊಡೆದು, ಮೂರು ಚುಕ್ಕೆ ಹಾಕಿ ಮಿಸ್ತ್ರಿ ಮನೆಗೆ ಹೋದರು.

ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಅಡಾಪ್ಟರ್ ಹಲ್ಲಿನ ಸಮೇತ ಮುರಿದು ಬಿತ್ತು. ಬಿದ್ದದ್ದು ಲೋಡರಿನ ಆಪರೇಟರಿಗೆ ತಿಳಿಯಲಿಲ್ಲ. ಕಲ್ಲಿನ ಜೊತೆ ಡಂಪರಿಗೆ ಹೋಯಿತು, ಡಂಪರಿನಿಂದ ಕ್ರಶರಿನ ಬಾಯಿಗೆ. ಕ್ರಶರ್ ಕಲ್ಲನ್ನು ಜಗಿಯುತ್ತದೆ, ಉಕ್ಕನ್ನು ಜಗಿಯಲಾರದು. ಯಂತ್ರ ನಿಂತಿತು. ಕ್ರಶರ್ ನೋಡಿಕೊಳ್ಳುತ್ತಿದ್ದವನು ಸರಪಳಿ ಹಾಕಿ ಅದನ್ನು ಎಳೆಸಲು ಹೋದ. ಎರಡು ದವಡೆಗಳ ನಡುವೆ ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ತುಂಡು ಸಡಿಲಾಗುತ್ತಲೇ ಸಿಡಿದು ಬಂದು ಅವನ ಮುಖಕ್ಕೆ ಬಡಿಯಿತು. ಅವನು ಬದುಕಿದ. ಎಡಗಣ್ಣು ಹೋಯಿತು. ಎಷ್ಟೋ ಸಲ ನೋಡಿದ್ದ ಮನುಷ್ಯ, ಆದರೂ ಅವನ ಮುಖ ನನಗೆ ನೆನಪಿಲ್ಲ. ಹಳದಿ ಹೆಲ್ಮೆಟ್ ಮಾತ್ರ ನೆನಪಿದೆ, ಅದೂ ಎಲ್ಲರದೂ ಹಳದಿಯೇ.

ನನ್ನನ್ನು ಕರೆಸಿ ಮುರಿದ ತುಂಡನ್ನು ತೋರಿಸಿದರು. ಮುರಿದ ಮುಖದ ಅರ್ಧ ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು, ಉಳಿದರ್ಧ ಹೊಸದಾಗಿ ಮಿನುಗುತ್ತಿತ್ತು. ಅಂದರೆ ಬಿರುಕು ಹಳೆಯದು, ಕೊನೆಗೆ ಉಳಿದಷ್ಟು ಭಾಗ ಒಂದೇ ಏಟಿಗೆ ಹೋಗಿದೆ. ಕಾಯಿಸದೆ ಬೆಸುಗೆ ಹಾಕಿದರೆ ಹೀಗಾಗುತ್ತದೆ. ರಾಡು ತೇವವಾಗಿದ್ದರೂ ಹೀಗಾಗುತ್ತದೆ. ಗೋಣಿ ಒದ್ದೆಯಾಗಿದ್ದರೂ ಆಗುತ್ತದೆ. ಆಪರೇಟರ್ ದಿನಾ ಎಡ ಮೂಲೆಯಿಂದಲೇ ಬಂಡೆ ಮೀಟುತ್ತಿದ್ದರೂ ಆಗುತ್ತದೆ. ಲೋಹ ಇಷ್ಟನ್ನೇ ಹೇಳಿತು. ಪಕ್ಕೆಯ ಮೂರು ಚುಕ್ಕೆಗಳು ಮಾತ್ರ ಅದು ಯಾರ ಕೆಲಸವೆಂದು ಸ್ಪಷ್ಟವಾಗಿ ಹೇಳಿದವು. ಆ ಬಕೆಟ್ಟಿನ ಉಳಿದ ಅಡಾಪ್ಟರುಗಳನ್ನು ಯಾರು ವೆಲ್ಡ್ ಮಾಡಿದ್ದರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅಂದು ರಾತ್ರಿ ಊಟ ಮಾಡುತ್ತಾ ಹೆಂಡತಿಗೆ ಹೇಳಿದೆ. ನಾವಿರುವುದು ಘೋಡಬಂದರ್ ರಸ್ತೆಯ ಒಂದು ಟವರಿನಲ್ಲಿ. ಅವಳೂ ಉಡುಪಿಯವಳು, ನನ್ನ ಮಾತನ್ನು ಅರ್ಧ ಕೇಳಿ ಅರ್ಧ ಬಿಡುವವಳು. ನೀರಿನ ಹನಿ ಗುಂಡಗಾಗಿ ಸದ್ದಿಲ್ಲದೆ ಓಡಿತು ಎಂದಾಗ ಅವಳ ಕೈ ನಿಂತಿತು.

"ಅದು ಮಾವನ ಕಾವಲಿ ಕತೆ ಅಲ್ವಾ? ಇದೇ ಮಾತು ಹೇಳ್ತೀರಿ ಯಾವಾಗ್ಲೂ. ಗುಂಡಗಾಗಿ ಸದ್ದಿಲ್ಲದೆ ಓಡಿತು ಅಂತ."

"ಅಲ್ಲ, ಇದು ಖದಾನಿನಲ್ಲಿ ನೋಡಿದ್ದು."

"ನೋಡಿದ್ದೇ ಹೌದಾ?"

ಪಕ್ಕದಲ್ಲಿ ಫೋನು ನೋಡುತ್ತಿದ್ದ ಮಗಳು ತಲೆಯೆತ್ತದೆ, "ಪಪ್ಪಾ, ಆಪ್ ಹಮೇಶಾ ಯಹೀ ಸ್ಟೋರಿ ಸುನಾತೇ ಹೋ," ಎಂದಳು. ಯಾವಾಗಲೂ ಇದೇ ಕತೆ ಹೇಳುತ್ತೇನಂತೆ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಆಮೇಲೆ ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ಬಕೆಟ್ಟಿನ ಅಂಚು ಕಾವಲಿಯಾಗುತ್ತಿತ್ತು. ಮಿಸ್ತ್ರಿಯ ಅಂಗೈ ಅಪ್ಪಯ್ಯನ ಬೆರಳುಗಳಾಗುತ್ತಿತ್ತು. ಚುಂಯ್ ಎಂಬ ಸದ್ದು ಕೇಳಿದಂತಾಗುತ್ತಿತ್ತು. ಆದರೆ ಅಂದು ಜನರೇಟರ್ ಓಡುತ್ತಿತ್ತು, ಅಂಥ ಸಣ್ಣ ಸದ್ದು ಕೇಳುವ ಹಾಗೆಯೇ ಇರಲಿಲ್ಲ. ಹಾಗಾದರೆ ಸದ್ದಿಲ್ಲದೆ ಓಡಿತು ಎಂದು ನನಗೆ ಗೊತ್ತಾದದ್ದಾದರೂ ಹೇಗೆ?

ಮೂರು ದಿನದ ನಂತರ ಬೆಳಿಗ್ಗೆ ಖದಾನಿನ ಕಂಟೇನರ್ ಕ್ಯಾಬಿನ್ನಿನಲ್ಲಿ ವಿಚಾರಣೆ ಇಟ್ಟರು. ಖದಾನಿನ ಮ್ಯಾನೇಜರ್ ಮರಾಠಿಯವರು, ಮೇಜಿನ ಆಚೆ. ಈಚೆ ನಮ್ಮ ಕಂಪನಿಯ ಯಜಮಾನರು, ದಕ್ಷಿಣ ಕನ್ನಡದವರು, ಅವರ ಪಕ್ಕದ ಕುರ್ಚಿಯಲ್ಲಿ ನಾನು. ಮಿಸ್ತ್ರಿ ಬಾಗಿಲ ಹತ್ತಿರ ನಿಂತಿದ್ದರು. ಕುರ್ಚಿ ಇನ್ನೊಂದಿತ್ತು, ಅದರ ಮೇಲೆ ಮುರಿದ ಅಡಾಪ್ಟರನ್ನು ಇಟ್ಟಿದ್ದರು.

ಪಣಕ್ಕಿದ್ದದ್ದು ಏನೆಂದು ಒಳಗಿದ್ದ ಎಲ್ಲರಿಗೂ ಗೊತ್ತಿತ್ತು. ತಪ್ಪು ಮಿಸ್ತ್ರಿಯದೆಂದಾದರೆ ಅವರ ಗೇಟ್ ಪಾಸ್ ರದ್ದು. ಈ ಭಾಗದ ಖದಾನುಗಳ, ಕ್ರಶರುಗಳ ಸೂಪರ್‌ವೈಸರುಗಳದ್ದೆಲ್ಲ ಒಂದೇ ವಾಟ್ಸ್ಯಾಪ್ ಗ್ರೂಪ್. ಒಂದು ಗೇಟು ಮುಚ್ಚಿದರೆ ಎಲ್ಲ ಗೇಟೂ ಮುಚ್ಚಿದ ಹಾಗೆ. ವೆಲ್ಡಿಂಗ್ ಬಿಟ್ಟು ಬೇರೆ ಕಸುಬು ಅವರಿಗೆ ತಿಳಿಯದು.

ಹೋಗುವ ದಾರಿಯಲ್ಲಿ ಕಾರಿನಲ್ಲೇ ಯಜಮಾನರು ನನಗೆ ಹೇಳಿದ್ದರು. "ನೀವು ಓದಿದವರು ಮಾರಾಯ್ರೆ, ಹೆಚ್ಚು ಮಾತಾಡ್ಲಿಕ್ಕೆ ಹೋಗ್ಬೇಡಿ. ಕೇಳಿದ್ದಕ್ಕೆ ಮಾತ್ರ ಹೇಳಿ. ಕಂಪನಿ ಮೇಲೆ ಬಂದ್ರೆ ಎಲ್ಲರಿಗೂ ಬಂತು."

ಮ್ಯಾನೇಜರ್ ಮೊದಲು ಮಿಸ್ತ್ರಿಯನ್ನು ಕೇಳಿದರು. ಮಿಸ್ತ್ರಿ ತಮ್ಮ ಹಿಂದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಚಾಕ್ ಇರಲಿಲ್ಲ, ಬೆಂಕಿ ಕೊಟ್ಟೆವು, ನೀರು ಚಿಮುಕಿಸಿ ನೋಡಿದೆವು, ನೀರು ಕುಣಿಯಿತು, ಸಾಹೇಬರೂ ನೋಡಿದ್ದಾರೆ.

ಮ್ಯಾನೇಜರ್ ಕುರ್ಚಿಗೆ ಒರಗಿದರು. "ಪಾಣೀ ಶಿಂಪಡೂನ್? ಇಥೇ ಡೋಸಾ ಬನವತಾಯ್ ಕಾ ತುಮ್ಹೀ?"

ನೀರು ಚಿಮುಕಿಸಿ? ಇಲ್ಲೇನು ದೋಸೆ ಹುಯ್ಯುತ್ತೀರಾ? ಕ್ಯಾಬಿನ್ನಿನ ಹೊರಗೆ ನಿಂತಿದ್ದವರೂ ನಕ್ಕರು. ನಮ್ಮ ಯಜಮಾನರೂ ನಕ್ಕರು, ಅವರ ಅಣ್ಣನದೇ ಎರಡು ಹೋಟೆಲುಗಳಿವೆ. ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ಉಡುಪಿಯವನು, ಹೋಟೆಲಿನವನ ಮಗ ಎಂದು ಅವರಿಗೆ ಗೊತ್ತಿತ್ತು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಕೇಳಿದರು. "ಸಾಹೇಬ್, ಆಪ್ ಇಂಜಿನಿಯರ್ ಹೋ. ಆಪ್ ಭೀ ಪಾನೀ ದೇಖ್ ರಹೇ ಥೇ?" ಎಂಜಿನಿಯರಾದ ನೀವೂ ನೀರು ನೋಡುತ್ತಿದ್ದಿರಾ?

ಫೋನಿನಲ್ಲಿ ಜಾಬ್ ಶೀಟಿನ ಫೋಟೋ ತೋರಿಸಿದರು. ನೂರರವತ್ತು, ಕೆಳಗೆ ನನ್ನ ಸಹಿ. ಈ ಅಂಕೆ ಎಲ್ಲಿಂದ ಬಂತು?

ಹುಡುಗನಾಗಿದ್ದಾಗ ಹೋಟೆಲಿನ ವಾಸನೆ ಅಂಗಿಯಲ್ಲಿರುತ್ತದೆಂದು ಕಾಲೇಜಿಗೆ ಬೇರೆ ಅಂಗಿ ಇಟ್ಟುಕೊಂಡಿದ್ದವನು ನಾನು. ಅದು ಉತ್ತರಕ್ಕೆ ಕಾರಣವೋ, ಕಾರಿನಲ್ಲಿ ಯಜಮಾನರು ಹೇಳಿದ್ದು ಕಾರಣವೋ, ನಿಜವಾಗಿಯೂ ನೆನಪಿಲ್ಲದಿದ್ದುದೇ ಕಾರಣವೋ ತಿಳಿಯದು. ನಾನು ಹಿಂದಿಯಲ್ಲಿ ಹೇಳಿದೆ. ನೀರಿನ ವಿಷಯ ನನಗೆ ಸರಿಯಾಗಿ ನೆನಪಿಲ್ಲ. ಕಾವು ನೋಡಿ ಇವರು ಹೇಳಿದ ಅಂಕೆಯನ್ನು ನಾನು ಬರೆದುಕೊಂಡೆ.

ಮೊದಲ ವಾಕ್ಯವನ್ನು ಯೋಚಿಸಿ ಹೇಳಿದ್ದೆ. ಎರಡನೆಯದು ತಾನಾಗಿಯೇ ಬಂತು. ಎಲ್ಲವನ್ನೂ ಅನುಮಾನಿಸುವ ನಾನು ಅದೊಂದು ವಾಕ್ಯವನ್ನು ಅನುಮಾನಿಸಲಿಲ್ಲ.

ಮಿಸ್ತ್ರಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಹುಬ್ಬು ಗಂಟಿಕ್ಕಿ, ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ಸಾಹೇಬ್ರ, ನಾ ಯಾವಾಗ ಹೇಳಿದ್ನಿರಿ?"

"ಕಾಯ್ ಬೋಲತೋಯ್ ತೋ?" ಎಂದರು ಮ್ಯಾನೇಜರ್. ಏನು ಹೇಳುತ್ತಿದ್ದಾನೆ ಅವನು?

ಯಜಮಾನರು ತಡಮಾಡಲಿಲ್ಲ. "ಕುಛ್ ನಹೀಂ ಸಾಬ್. ಮಾಫೀ ಮಾಂಗ್ ರಹಾ ಹೈ."

ಕ್ಷಮೆ ಕೇಳುತ್ತಿದ್ದಾನಂತೆ. ಆ ಕ್ಯಾಬಿನ್ನಿನಲ್ಲಿ ಕನ್ನಡ ತಿಳಿದವರು ಮೂರೇ ಜನ. ಒಬ್ಬರು ಕೇಳಿದ್ದರು, ಒಬ್ಬರು ತಿರುಚಿದ್ದರು. ಮೂರನೆಯವನು ಕುರ್ಚಿಯ ಮೇಲಿದ್ದ ಅಡಾಪ್ಟರಿನ ಮೂರು ಚುಕ್ಕೆಗಳನ್ನು ನೋಡುತ್ತಾ ಕೂತ. ಮ್ಯಾನೇಜರ್ ತಲೆದೂಗಿ, ಕ್ಷಮೆ ಕೇಳಿದ ಮೇಲೆ ಇನ್ನೇನು ವಿಚಾರಣೆ ಎಂಬಂತೆ ಫೈಲು ಮುಚ್ಚಿದರು.

ಗೇಟಿನಲ್ಲಿ ಮಿಸ್ತ್ರಿಯ ಪಾಸ್ ಕಿತ್ತುಕೊಂಡರು. ಮಧ್ಯಾಹ್ನದೊಳಗೆ ಗ್ರೂಪಿನಲ್ಲಿ ಮಿಸ್ತ್ರಿಯ ಫೋಟೋ ಬಂದಿತ್ತು. ವಾರದ ಮೇಲೆ ಅವರು ಕಂಪನಿಯ ಹೆಲ್ಮೆಟ್, ಶೂ ವಾಪಸ್ ಕೊಡಲು ವಾಗ್ಳೆ ಎಸ್ಟೇಟಿಗೆ ಬಂದಿದ್ದರು. ಕೆಳಗಿನಿಂದ ಫೋನು ಬಂತು. ಮೀಟಿಂಗಿನಲ್ಲಿದ್ದೇನೆ ಎಂದೆ. ಮೀಟಿಂಗ್ ಇರಲಿಲ್ಲ. ಕಿಟಕಿಯ ಹತ್ತಿರವೂ ಹೋಗಲಿಲ್ಲ, ಹೋಗಿದ್ದರೆ ಅವರು ಹೊರಟುಹೋಗುವುದಾದರೂ ಕಾಣುತ್ತಿತ್ತು.

ಎರಡು ವರ್ಷ ಹೀಗೇ ಹೋಯಿತು. ಆ ಕಾಲವನ್ನು ನಾನು ಕಳೆದದ್ದು ಒಂದು ವಾದದ ಮೇಲೆ. ನನಗೆ ನಿಜವಾಗಿಯೂ ಖಚಿತವಿರಲಿಲ್ಲ. ಖಚಿತವಿಲ್ಲದ್ದನ್ನು ಖಚಿತವೆಂದು ಹೇಳುವುದು ಸುಳ್ಳು. ನಾನು ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಲೋಕಲಿನಲ್ಲಿ ಕೂತು ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮಿಸ್ತ್ರಿಯೇ ಆ ಅಂಕೆ ಹೇಳಿರಬಹುದು, ಯಾಕೆ ಹೇಳಿರಬಾರದು? ಕೆಲವು ದಿನ ಅವರ ಧ್ವನಿಯೂ ಕೇಳಿಸುತ್ತಿತ್ತು. ನೂರಾ ಅರವತ್ತು ಆಗೇತಿ ಬರ್ಕೋರಿ ಸಾಹೇಬ್ರ, ಎಂದು. ನೆನಪು ಎಷ್ಟು ವಿಧೇಯ ಎಂದರೆ, ಬೇಕಾದ ಧ್ವನಿಯನ್ನೂ ತಂದುಕೊಡುತ್ತದೆ.

ಜಾಬ್ ಶೀಟಿನ ಕಾರ್ಬನ್ ಪ್ರತಿಯಿರುವ ಪುಸ್ತಕ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇತ್ತು. ತಿರುಗಿ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎರಡು ವರ್ಷ ನಾನು ಆ ಕಪಾಟು ತೆಗೆಯಲಿಲ್ಲ. ತೆಗೆದದ್ದು ಆಫೀಸನ್ನು ಘಣಸೋಲಿಗೆ ಸ್ಥಳಾಂತರಿಸುವಾಗ. ರಟ್ಟಿನ ಪೆಟ್ಟಿಗೆಗೆ ತುಂಬುತ್ತಾ ಪುಸ್ತಕ ಬಿಡಿಸಿದೆ. ಆಷಾಢದ ಆ ಹಾಳೆ ಸಿಕ್ಕಿತು.

ಕಾರ್ಬನ್ನಿನಲ್ಲಿ ಕೈಯ ಒತ್ತಡವೆಲ್ಲ ಮೂಡಿರುತ್ತದೆ. ಹಾಳೆಯ ಕೆಳಗೆ ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ನನ್ನ ಸಹಿ, ಎಲ್ಲ ನೆಟ್ಟಗಿದ್ದವು. ಶೆಡ್ಡಿನಲ್ಲಿ ನಿಂತು ಬರೆದವು. ಮೇಲಿನ ಸಾಲುಗಳು ನಡುಗಿದ್ದವು. ಯಂತ್ರದ ನಂಬರು ನಡುಗಿತ್ತು, ಅಡಾಪ್ಟರಿನ ನಂಬರು ನಡುಗಿತ್ತು. ನೂರರವತ್ತು ಕೂಡ. ಆರರ ಬಾಲ ಒಂದು ಕಡೆ ಹಾರಿ ಪಕ್ಕದ ಖಾನೆಗೆ ಹೋಗಿತ್ತು. ರೈಲು ಹಳಿ ಬದಲಿಸುವಾಗ ಪೆನ್ನು ಹಾಗೆ ಹಾರುತ್ತದೆ. ಮಿಸ್ತ್ರಿ ಬೆಂಕಿ ಹಚ್ಚುವ ಮೊದಲೇ, ನಾನು ಅವರ ಮುಖ ನೋಡುವ ಮೊದಲೇ ಬರೆದ ಅಂಕೆ ಅದು. ಅವರು ಹೇಳಿರಲು ಸಾಧ್ಯವೇ ಇರಲಿಲ್ಲ.

ಯಜಮಾನರ ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದೆಂತ ಮಾರಾಯ್ರೆ ಈಗ? ಎಲ್ಲ ಮುಗಿದ ವಿಷಯ. ಕ್ರಶರಿನವನಿಗೆ ಪರಿಹಾರ ಹೋಗಿ ಆಯ್ತು."

"ಮಿಸ್ತ್ರಿಯದು ಮುಗಿದಿಲ್ಲ."

"ನೀವು ಇದನ್ನು ಹೊರಗೆ ತೆಗೆದ್ರೆ ಯಾರ ಸಹಿ ಉಂಟು ಇದ್ರಲ್ಲಿ? ನಿಮ್ಮದು. ಮಗಳ ಹನ್ನೆರಡನೇ ಕ್ಲಾಸು ಅಲ್ವಾ ಈ ವರ್ಷ? ಪೆಟ್ಟಿಗೆಗೆ ಹಾಕಿ, ಟೆಂಪೋ ಬಂದಿದೆ."

ಪುಸ್ತಕವನ್ನು ಪೆಟ್ಟಿಗೆಗೆ ಹಾಕಲಿಲ್ಲ, ನನ್ನ ಚೀಲಕ್ಕೆ ಹಾಕಿಕೊಂಡೆ. ಇದನ್ನು ಧೈರ್ಯವೆಂದು ತಿಳಿಯಬಾರದು. ಮತ್ತೆ ಮೂರು ತಿಂಗಳು ಅದು ಚೀಲದಲ್ಲೇ ಇತ್ತು.

ಮಿಸ್ತ್ರಿ ಕಲ್ಯಾಣದಲ್ಲೇ ಇದ್ದಾರೆ, ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದಾರೆ ಎಂದು ಹಳೆಯ ಲೋಡರ್ ಆಪರೇಟರ್ ಒಬ್ಬನಿಂದ ತಿಳಿಯಿತು. ಒಂದು ಭಾನುವಾರ ಮಧ್ಯಾಹ್ನ ಹೋದೆ. ಗೇಟಿನ ಪಕ್ಕದ ಕೋಣೆಯಲ್ಲಿ ನೀಲಿ ಯೂನಿಫಾರ್ಮಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಹಳೆಯ ಅಭ್ಯಾಸವೋ, ಗೇಟಿಗೆ ಯಾರು ಬಂದರೂ ಏಳಬೇಕೆಂಬ ನಿಯಮವೋ.

"ಬರ್ರಿ ಸಾಹೇಬ್ರ. ಮೊದಲ ಎಂಟ್ರಿ ಮಾಡ್ರಿ."

ರಿಜಿಸ್ಟರನ್ನು ಮುಂದೆ ತಳ್ಳಿದರು. ಹೆಸರು ಬರೆದೆ. ಬಂದ ಹೊತ್ತು, ಯಾರನ್ನು ನೋಡಲು, ಯಾವ ಕೆಲಸ. ಕೊನೆಯ ಎರಡು ಖಾನೆಗಳಲ್ಲಿ ಪೆನ್ನು ನಿಂತಿತು.

"ಅವನ್ನ ಬಿಡ್ರಿ," ಎಂದರು. "ಯಾರೂ ನೋಡೂದಿಲ್ಲ."

ಪುಸ್ತಕ ತೆಗೆದು ಹಾಳೆ ತೋರಿಸಿದೆ. ನಡುಗಿದ ಅಂಕೆಯ ಮೇಲೆ ಬೆರಳಿಟ್ಟು ಎಲ್ಲವನ್ನೂ ಹೇಳಿದೆ. ರೈಲಿನಲ್ಲಿ ಬರೆದದ್ದು, ಅವರು ಹೇಳಿದ ಅಂಕೆಯಲ್ಲ, ಅಂದು ಕ್ಯಾಬಿನ್ನಿನಲ್ಲಿ ಹೇಳಿದ್ದು ಸುಳ್ಳು. ಮಿಸ್ತ್ರಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನನಗ ಅವತ್ತs ಗೊತ್ತಿತ್ತಲ್ರಿ. ನಾ ಹೇಳಿಲ್ಲ ಅನ್ನೂದು ನನಗ ಗೊತ್ತಿರೂದಿಲ್ಲೇನ್ರಿ?"

ಎರಡು ವರ್ಷದ ಮೇಲೆ ನಾನು ಕಂಡುಹಿಡಿದೆನೆಂದು ತಿಳಿದಿದ್ದ ಸತ್ಯ ಅವರ ಹತ್ತಿರ ಮೊದಲ ದಿನದಿಂದಲೇ ಇತ್ತು. ಅದರಿಂದ ಅವರಿಗೆ ಏನೂ ಆಗಿರಲಿಲ್ಲ.

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಗೇಟಿನ ಆಚೆಯ ರಸ್ತೆಯನ್ನು ನೋಡುತ್ತಾ ಹೇಳಿದರು.

"ನನಗ ಬ್ಯಾರೇನs ಐತ್ರಿ ಚಿಂತಿ. ಆ ನೀರು. ಮೊದಲೆಲ್ಲಾ ಖಾತ್ರಿ ಇತ್ತು. ಕುಣೀತು ಅಂದ್ರ ಕುಣೀತು. ಆಮ್ಯಾಲ ಎಲ್ಲಾರೂ ಕೇಳಿ ಕೇಳಿ, ನೀವೂ ನೆನಪಿಲ್ಲ ಅಂದ್ರಿ. ಓದಿದವ್ರು, ಬಗ್ಗಿ ನೋಡಿದವ್ರು, ನೀವs ನೆನಪಿಲ್ಲ ಅಂದ್ಮ್ಯಾಲ... ಈಗ ಕಣ್ಣಮುಚ್ಚಿದ್ರ ಒಮ್ಮೆ ಕುಣೀತೈತ್ರಿ, ಒಮ್ಮೆ ಇಲ್ರಿ. ಆ ಹುಡುಗನ ಕಣ್ಣು ನನ್ನಿಂದ ಹೋತೋ ಏನೋ."

ನನ್ನ ಕಡೆ ತಿರುಗಿದರು.

"ನೀವs ಹೇಳ್ರಿ ಸಾಹೇಬ್ರ. ಕುಣಿದಿತ್ತೇನ್ರಿ?"

ಮೂವತ್ತು ವರ್ಷ ಬೆಸುಗೆ ಹಾಕಿದವರು, ತಮ್ಮ ಕೆಲಸಕ್ಕೆ ಮೂರು ಚುಕ್ಕೆ ಇಡುತ್ತಿದ್ದವರು. ಆ ಕ್ಯಾಬಿನ್ನಿನಲ್ಲಿ ನಾನು ಅವರಿಂದ ಕಿತ್ತುಕೊಂಡದ್ದು ಗೇಟ್ ಪಾಸ್ ಒಂದನ್ನೇ ಅಲ್ಲ ಎಂದು ಆಗ ತಿಳಿಯಿತು. ನನ್ನ ರೋಗವನ್ನು ಅವರಿಗೆ ಅಂಟಿಸಿದ್ದೆ. ನಾನಾದರೋ ಅನುಮಾನವನ್ನು ಓದಿನ ಜೊತೆ ಕಲಿತವನು, ಅದರೊಂದಿಗೆ ಸಂಸಾರ ಮಾಡಲು ಅಭ್ಯಾಸವಾಗಿತ್ತು. ಅವರಿಗೆ ಇರಲಿಲ್ಲ.

"ಕುಣಿದಿತ್ತು ಮಿಸ್ತ್ರಿ," ಎಂದೆ. "ಗುಂಡಗಾಗಿ ಓಡಿತು. ನಾನು ನೋಡಿದ್ದೇನೆ."

ಅವರು ನನ್ನ ಮುಖವನ್ನೇ ನೋಡಿದರು. ಬೆಸುಗೆಯ ಮೇಲಿನ ಪೊರೆಯನ್ನು ಬಡಿದು ತೆಗೆದ ಮೇಲೆ ಟಾರ್ಚ್ ಹಿಡಿದು, ಎಲ್ಲಾದರೂ ತೂತಿದೆಯೇ ಎಂದು ನೋಡುತ್ತಿದ್ದರಲ್ಲ, ಹಾಗೆ.

"ಗೊತ್ತಿಲ್ದ ಹೇಳಾಕತ್ತೀರಿ," ಎಂದರು.

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ.

"ಇದs ಸುಳ್ಳು ಅವತ್ತ ಹೇಳಿದ್ರ ಆಗತಿತ್ತಲ್ರಿ."

ಗೇಟಿನ ಹೊರಗೆ ಒಂದು ಕಾರು ಹಾರನ್ ಹೊಡೆಯಿತು. ಅವರು ಟೋಪಿ ಸರಿಮಾಡಿಕೊಂಡು ಹೋಗಿ ಅಡ್ಡಪಟ್ಟಿಯನ್ನು ಎತ್ತಿದರು. ಕಾರು ಒಳಗೆ ಹೋಯಿತು, ಅದರ ಹಿಂದೆ ಇನ್ನೊಂದು ಬಂತು. ಅವರು ತಿರುಗಿ ನೋಡಲಿಲ್ಲ. ನಾನು ರಿಜಿಸ್ಟರಿನಲ್ಲಿ ಹೊರಟ ಹೊತ್ತನ್ನು ಬರೆಯಬೇಕಿತ್ತು. ಗೋಡೆಯ ಗಡಿಯಾರವನ್ನು ಎರಡು ಸಲ ನೋಡಿ ಬರೆದೆ.